ಚಿಲಕವೆಂಬ ಶತ್ರು

ನಮ್ಮಪ್ಪನಿಗೆ ಈ ಜಗತ್ತಿನಲ್ಲಿ ಇದ್ದದ್ದು ಒಬ್ಬನೇ ಶತ್ರು. ಬಾಗಿಲ ಚಿಲಕ! ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯದಲ್ಲಿದ್ದ ಅವರನ್ನು ಜರ್ಮನ್ನರು ಸೆರೆಹಿಡಿದು ವರ್ಷಗಟ್ಟಲೆ ಕೂಡಿಹಾಕಿದ್ದರಂತೆ. ಜರ್ಮನ್ನರ ಮೇಲೆ ಅಪ್ಪನಿಗೆ ಅಂಥ ಸಿಟ್ಟೇನೂ ಇರಲಿಲ್ಲ, ಸಿಟ್ಟೆಲ್ಲ ಚಿಲಕದ ಮೇಲೆ. ಊರಿಗೆ ಬಂದವರೇ ಗುಬ್ಬಿಯ ನಮ್ಮ ಮನೆಯ ಚಿಲಕಗಳನ್ನೆಲ್ಲ ಕಿತ್ತು ಗುಜರಿಗೆ ಹಾಕಿದರು. ಬಚ್ಚಲುಮನೆಯದನ್ನೂ ಬಿಡಲಿಲ್ಲ!

"ಕಳ್ಳ ನುಗ್ಗಿದ್ರೆ?" ಎಂದು ಅಮ್ಮ ಕೇಳಿದರೆ, "ನುಗ್ಲಿ ಬುಡು, ಆಚೆ ಹೋಗೋಕೂ ದಾರಿ ಇರ್ತದಲ್ಲ!" ಎನ್ನುತ್ತಿದ್ದರು. ಇದೂ ಒಂದು ಉತ್ತರವೇ?

ಸ್ನಾನಕ್ಕೆ ಹೋದವರು ಗಟ್ಟಿಯಾಗಿ ಹಾಡುತ್ತಲೇ ಇರಬೇಕು, ಒಳಗೆ ಜನ ಇದ್ದಾರೆಂದು ತಿಳಿಯಲು. ಬಾಯಿಗೆ ಸೋಪು ಹೋದರೂ ನಿಲ್ಲಿಸುವಂತಿಲ್ಲ. ಹಾಡು ಉದ್ದವಾದ ದಿನ ಬೀದಿಯವರು, "ಏನವ್ವ, ಇವತ್ತು ತಲೆಗ್ ನೀರಾ?" ಎಂದು ಕೇಳುತ್ತಿದ್ದರು. ಎಂಥ ಅವಮಾನ ಹೇಳಿ!

ಎಪ್ಪತ್ತರ ದಶಕದ ಆರಂಭದಲ್ಲಿ ಕುಣಿಗಲ್‌ನಿಂದ ಗಂಡಿನವರು ನನ್ನನ್ನು ನೋಡಲು ಬಂದರು. ಗಂಡಿನ ತಾಯಿ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರೆ, ಅಪ್ಪ ಹೊರಗೆ ಕಾವಲು ನಿಂತು, "ಹಾಡಿ ತಾಯಿ, ನಾಚ್ಕೋಬೇಡಿ!" ಎಂದು ಕೂಗಿದರು. ಆಯಮ್ಮ ಬೆವರಿಕೊಂಡು ಓಡಿಬಂದರು. "ಜೈಲಲ್ಲಿದ್ದು ಬಂದೋನು ನಾನು, ಚಿಲ್ಕ ಕಂಡ್ರೆ ಆಗಲ್ಲ," ಎಂದು ಅಪ್ಪನ ವಿವರಣೆ ಬೇರೆ!

ಗಂಡಿನ ಸೋದರಮಾವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. "ಜೈಲಾ? ಏನ್ ಕಳ್ತನವಾ?"

"ಯುದ್ಧದಲ್ಲಿ ಸೆರೆ ಸಿಕ್ಕಿದ್ದು!" ಎಂದು ಅಡುಗೆಮನೆಯಿಂದಲೇ ಕಿರುಚಿದೆ.

"ಯಾವ್ದಾದ್ರೇನವ್ವ, ಜೈಲು ಜೈಲೇ."

ನನ್ನ ಮೈ ಉರಿದುಹೋಯಿತು. ಮನೆಯಲ್ಲಿ ಮೂರು ಹೊತ್ತು ಬಿಸಿ ಮುದ್ದೆ ಉಂಡು ಬೆಳೆದ ಈ ಮನುಷ್ಯನಿಗೆ ಏನು ಗೊತ್ತು? "ಎದ್ದು ಹೋಗಿ ಮೊದ್ಲು, ಬಾಗ್ಲು ತೆಗ್ದೇ ಇದೆ!" ಎಂದೆ. ಸಂಬಂಧ ಮುರಿಯಿತು. ಗಂಡಿನವರು ಬಿಟ್ಟುಹೋದ ಉಪ್ಪಿಟ್ಟನ್ನು ಅಪ್ಪ ನೆಮ್ಮದಿಯಾಗಿ ತಿನ್ನುತ್ತಿದ್ದರು. ಅವರ ಪರ ಜಗಳ ಆಡಿದವಳು ನಾನು, ಅಮ್ಮನಿಂದ ಬೈಸಿಕೊಂಡವಳೂ ನಾನೇ!

ಕೊನೆಗೆ ತುಮಕೂರಿನ ಮೇಷ್ಟ್ರೊಬ್ಬರು ನನ್ನನ್ನು ಒಪ್ಪಿ ಮದುವೆಯಾದರು. ಮನೆ ತುಂಬಿಸಿಕೊಳ್ಳುವ ದಿನ ನಾನು ಸೇರು ಒದ್ದು ಒಳಗೆ ಬಂದು ನೋಡಿದರೆ, ಅಪ್ಪ ನಮ್ಮ ಕೋಣೆಯ ಬಾಗಿಲ ಹತ್ತಿರ ನಿಂತಿದ್ದಾರೆ, ಕೈಯಲ್ಲಿ ಸ್ಕ್ರೂಡ್ರೈವರ್! ಬೀಗರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ.

"ಅಪ್ಪಾ, ಇಲ್ಲೂ ಶುರು ಹಚ್ಕೊಂಡ್ಯಾ? ನಮಗಾದ್ರೂ ಒಂದು ಚಿಲ್ಕ ಬುಡಪ್ಪ!" ಎಂದು ರೇಗಿದೆ.

"ಒಳಗಿನ್ ಚಿಲ್ಕ ಮುಟ್ಟಿಲ್ಲ ಕಣವ್ವ," ಎಂದರು. ಹೌದು, ಬಿಚ್ಚಿದ್ದು ಹೊರಗಿನದನ್ನು ಮಾತ್ರ. ಅದನ್ನು ಅಳಿಯನ ಕೈಗಿಟ್ಟು, ತಲೆ ತಗ್ಗಿಸಿ ಹೇಳಿದರು: "ಆಚೆಯಿಂದ ಯಾರೂ ಹಾಕ್ಬಾರ್ದು ಮೇಷ್ಟ್ರೇ. ಒಳಗಿರೋರಿಗೆ ಎಂಗಿರ್ತದೆ ಅಂತ ನಂಗೊತ್ತು."

ಅಷ್ಟೂ ಬೀಗರ ಮುಂದೆ ನಾನು ಅಪ್ಪನ ಕೈ ಹಿಡಿದುಕೊಂಡು ಅತ್ತುಬಿಟ್ಟೆ.