ಬಂದೂಕಿಗೊಂದು ಹಾಸಿಗೆ

ನಮ್ಮ ಸೋದರಮಾವನ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಹಾಸಿಗೆ ಯಾರದು ಗೊತ್ತೇ? ಮಾವನದಲ್ಲ, ಅತ್ತೆಯದಲ್ಲ, ಬಂದ ಬೀಗರದಂತೂ ಅಲ್ಲವೇ ಅಲ್ಲ. ಬಂದೂಕಿನದು! ಮನೆಮಂದಿಯೆಲ್ಲ ಹತ್ತಿ ಗಂಟುಗಟ್ಟಿದ ಗಾದಿಯ ಮೇಲೆ ಹೊರಳಾಡುತ್ತಿದ್ದರೆ, ಅದು ಮಾತ್ರ ತನ್ನ ಮೈಯಳತೆಗೆ ಕೊರೆದ ಕರಿ ಫೋಮಿನೊಳಗೆ, ಬೀಗ ಹಾಕಿದ ತಗಡಿನ ಪೆಟ್ಟಿಗೆಯಲ್ಲಿ, ಬಿಸಿಲಿಲ್ಲ ಧೂಳಿಲ್ಲ ಎಂದು ಹಾಯಾಗಿ ಮಲಗಿರುತ್ತದೆ.

ಬಂದೂಕು ಎಂದ ಕೂಡಲೇ ಹೆದರಬೇಡಿ. ಭೂಸನೂರ ಕಡೆ ಮಾವನಿಗೆ ಕಬ್ಬಿನ ಹೊಲವಿದೆ. ಹಂದಿ ಕಾಟಕ್ಕೆಂದು ನಮ್ಮಜ್ಜ ಲೈಸೆನ್ಸ್ ಮಾಡಿಸಿ ತಂದಿದ್ದ ಒಂಟಿ ನಳಿಗೆಯ ಬಂದೂಕು ಅಜ್ಜನ ನಂತರ ಮಾವನ ಹೆಸರಿಗೆ ಬಂದಿದೆ. ಇಲ್ಲಿಯವರೆಗೆ ಅದರಿಂದ ಒಂದು ಹಂದಿಗೂ ನೋವಾಗಿಲ್ಲ. ನೋವಾಗಿದ್ದರೆ ಅತ್ತೆಯೊಬ್ಬಳಿಗೇ!

ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಲ್ಲವೇ? ನಮ್ಮಲ್ಲಿ ಮಳೆಗೆ ಬರವಿರಬಹುದು, ಚುನಾವಣೆಗೆಲ್ಲಿಯ ಬರ? ಒಂದು ಸಲ ಮಾವ ಬಂದೂಕನ್ನು ಹಳೆಯ ಕೌದಿಯಲ್ಲಿ ಸುತ್ತಿಕೊಂಡು ಟಂಟಂ ಆಟೋದಲ್ಲಿ ಆಳಂದಕ್ಕೆ ಹೊರಟ. ದಾರಿಯಲ್ಲೊಂದು ತಗ್ಗು ಬಂತು, ಕೌದಿ ಸಡಿಲಾಯಿತು, ಬಂದೂಕಿನ ಕಟ್ಟಿಗೆಯ ಹಿಡಿ ಟಂಟಂನ ಸರಳಿಗೆ ಬಡಿಯಿತು. ಉಗುರಿನಷ್ಟು ಗೀರು. ನಾನು ಆಳಂದದಲ್ಲೇ ಮಾಸ್ತರಿಕೆ ಮಾಡುವವಳು. ಮಾವ ಠಾಣೆಯಿಂದ ಸೀದಾ ನಮ್ಮ ಮನೆಗೆ ಬಂದು, ಯಾರೋ ತೀರಿಹೋದ ಹಾಗೆ ಗೋಡೆಗೊರಗಿ ಕೂತ. ಗಾಬರಿಯಿಂದ ಕೇಳಿದೆ, "ಮಾವಾ, ಯಾರಿಗೇನಾತು?"

"ಪೆಟ್ಟಾಗ್ಯಾದ ತಂಗಿ," ಎಂದ. "ಅಪ್ಪ ಇದ್ದಿದ್ರ ನನ್ನ ಮಾರಿ ನೋಡ್ತಿದ್ದಿಲ್ಲ."

ಅಂದು ಹಿಡಿದ ಹುಚ್ಚು ಇದು. ಮಾವ ವೆಲ್ಡಿಂಗ್ ಅಂಗಡಿಯಲ್ಲಿ ಉದ್ದನೆಯ ತಗಡಿನ ಪೆಟ್ಟಿಗೆ ಮಾಡಿಸಿದ. ಒಳಗೆ ಮೆತ್ತಗೆ ಏನಾದರೂ ಬೇಕಲ್ಲ? ಅತ್ತೆ ಆಸೆಪಟ್ಟು ಕೊಂಡಿದ್ದ ಸೋಫಾದ ಎರಡು ದಿಂಬುಗಳು ಒಂದು ಮಧ್ಯಾಹ್ನ ಹೊಟ್ಟೆ ಸೀಳಿಸಿಕೊಂಡು ಪೆಟ್ಟಿಗೆ ಸೇರಿದವು. ಅತ್ತೆ ಸಂತೆಯಿಂದ ಬಂದು ನೋಡಿದಳು. ಕೂಗಾಡಲಿಲ್ಲ. ಬಂದವರಿಗೆಲ್ಲ ಚಾಪೆ ಹಾಸಿ, "ನೆಲದ ಮ್ಯಾಲ ಕುಂದರ್ರಿ, ಸೋಫಾದ ಮ್ಯಾಲ ಸಾಹೇಬ್ರು ಮಲಗ್ಯಾರ," ಎನ್ನತೊಡಗಿದಳು.

ಆದರೆ ಸಾಹೇಬರಿಗೆ ಸೋಫಾ ಒಗ್ಗಲಿಲ್ಲ. ಮಳೆಗಾಲದಲ್ಲಿ ಆ ಸ್ಪಂಜು ಗಾಳಿಯ ತೇವವನ್ನೆಲ್ಲ ಹೀರಿಕೊಂಡು ನಳಿಗೆಯ ಮೇಲೆ ತುಕ್ಕಿನ ಚುಕ್ಕೆ ಎಬ್ಬಿಸಿತು. ಮಾವ ಅದನ್ನು ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಹೋಗಲಾಡಿಸಿ, ಮರುದಿನವೇ ನನ್ನನ್ನು ಎಳೆದುಕೊಂಡು ಆಳಂದದ ಗಾದಿ ಅಂಗಡಿಗೆ ನಡೆದ. ಅಂಗಡಿಯ ಚಾಚಾ ಸಂಭಾವಿತರು. ಅಳತೆ ಟೇಪು ಬಿಚ್ಚುತ್ತ ಕೇಳಿದರು:

"ಮಲಗೋರು ಎಷ್ಟ ಎತ್ತರ ಅದಾರರಿ?"

"ನನ್ನ ಎದೀಮಟ ಬರ್ತದ."

"ವಜನ?"

"ಭಾಳ ಇಲ್ರಿ. ಖಾಲಿ ಇದ್ದಾಗ ಒಂದ್ ಕೈಯಾಗ ಎತ್ತತೇನಿ."

ಚಾಚಾ ನನ್ನ ಮುಖ ನೋಡಿದರು. "ಬಂದೂಕು ಚಾಚಾ, ಬಂದೂಕು," ಎಂದೆ. ಟೇಪು ತಾನಾಗಿಯೇ ಸರ್ರನೆ ಒಳಗೆ ಹೋಯಿತು!

ಮುಂದೆ ಮಾವ ಆ ಅಂಗಡಿಯಲ್ಲಿ ಮಾಡಿದ್ದನ್ನು ಏನೆಂದು ಹೇಳಲಿ? ಒಂದೊಂದು ಫೋಮನ್ನೂ ಹೆಬ್ಬೆರಳಿನಿಂದ ಒತ್ತಿ, ತಗ್ಗು ಬಿದ್ದದ್ದು ಮತ್ತೆ ಮೇಲೇಳುತ್ತದೋ ಇಲ್ಲವೋ ಎಂದು ಕಣ್ಣು ನೆಟ್ಟು ನಿಂತ. ಮೂಸಿ ನೋಡಿದ. ಚೂರು ಕತ್ತರಿಸಿಕೊಂಡು ಕುಡಿಯುವ ನೀರಿನ ಲೋಟದಲ್ಲಿ ಮುಳುಗಿಸಿ ಹಿಂಡಿದ. ನೀರು ಕುಡಿದದ್ದನ್ನೆಲ್ಲ ಫೇಲು ಮಾಡಿದ. ಚಾಚಾ ತಾಳುವಷ್ಟು ತಾಳಿ, "ಕಾಕಾ, ಸ್ಪಂಜು ಖರೀದಿಗಿ ಬಂದೀರೋ, ಮಗನಿಗಿ ಹೆಣ್ಣ ನೋಡಾಕ ಬಂದೀರೋ?" ಎಂದರು. ಕೊನೆಗೆ ಟಿ.ವಿ. ಪೆಟ್ಟಿಗೆಗಳಲ್ಲಿ ಬರುತ್ತದಲ್ಲ, ಗಟ್ಟಿಯಾದ, ನೀರು ಹೀರದ ಕರಿ ಫೋಮು, ಅದು ಪಾಸಾಯಿತು. "ಬಣ್ಣ ಕಪ್ಪಾದ್ರೂ ಗುಣ ಛಲೋ ಅದ," ಎಂದು ಚಾಚಾ ಬೀಗರ ದನಿಯಲ್ಲೇ ಕಳಿಸಿಕೊಟ್ಟರು.

ಕೊಂಡದ್ದಾಯಿತು, ಕೊರೆಯುವುದು ಹೇಗೆ? ಬಂದೂಕನ್ನು ಫೋಮಿನ ಮೇಲೆ ಮಲಗಿಸಿ ಸುತ್ತ ಸೀಮೆಸುಣ್ಣದ ಗೆರೆ ಎಳೆದ. ಉಳ್ಳಾಗಡ್ಡಿ ಹೆಚ್ಚುವ ಚಾಕುವಿನಿಂದ ಕೊಯ್ದರೆ ಇಲಿ ಕಡಿದ ಹಾಗೆ ಬಂತು. ಚಾಕುವನ್ನು ಒಲೆಯಲ್ಲಿ ಕಾಸಿ ಕೊಯ್ದ. ಹೊಗೆ ಎದ್ದು ಓಣಿಯವರೆಲ್ಲ ಕೊಡ ಹಿಡಿದುಕೊಂಡು ಓಡಿ ಬಂದರು. ಆಮೇಲೆ ತಿಳಿಯಿತು: ಉದ್ದನೆಯ ತೆಳು ಬ್ಲೇಡು ಬೇಕು, ಅದಕ್ಕೆ ಸಾಬೂನು ಸವರಬೇಕು, ಗೆರೆಗಿಂತ ಒಂದೆಳೆ ಒಳಗೆ ಕೊಯ್ಯಬೇಕು. ಆಗಲೇ ಹಿಡಿತ ಬಿಗಿ.

ಬಿಗಿ ಎಂದರೆ ಎಂಥ ಬಿಗಿ! ಮುಂದಿನ ಚುನಾವಣೆಗೆ ಮಾವ ಪೆಟ್ಟಿಗೆ ಹೊತ್ತು ಮೀಸೆ ತಿರುವುತ್ತ ಠಾಣೆಗೆ ಹೋದ. ಮುಚ್ಚಳ ತೆರೆದದ್ದೇ ಪೊಲೀಸರೆಲ್ಲ ಸುತ್ತ ಸೇರಿ, "ಶಹಬ್ಬಾಸ್!" ಎಂದರು. ಬಂದೂಕಿನ ನಂಬರು ನೋಡಬೇಕಿತ್ತು. ಹವಾಲ್ದಾರರು ಎತ್ತಲು ಹೋದರೆ ಬಂದೂಕು ಬರಲೊಲ್ಲದು! ಬೆರಳು ತೂರಿಸಲು ಸಂದಿಲ್ಲ. ಇಬ್ಬರು ಪೆಟ್ಟಿಗೆಯನ್ನು ಬೋರಲು ಹಿಡಿದು ಅಲ್ಲಾಡಿಸಿದರು, ಮಾವ ಕೆಳಗೆ ಟವೆಲು ಹರವಿ ಕೂತ. ಉಹೂಂ. "ಯಜಮಾನ್ರ, ಇಂಥಾ ಬಂದೂಕಿಗಿ ನಾವ್ಯಾಕ ಬೇಕ್ರಿ? ನೀವೇ ಅರೆಸ್ಟ ಮಾಡಿ ತಂದೀರಲ್ಲ!" ಎಂದರು ಹವಾಲ್ದಾರರು. ಅಂದಿನಿಂದ ಮಾವ ಎರಡೂ ಕಡೆ ಬೆರಳು ಹಿಡಿಯುವಷ್ಟು ಅರ್ಧಚಂದ್ರ ಕೊರೆಯುವುದನ್ನು ಮರೆತಿಲ್ಲ.

ಹಂದಿಗಳ ಕತೆ ಏನಾಯಿತೆನ್ನುತ್ತೀರಾ? ಒಂದು ಸಂಜೆ ಕಬ್ಬಿಗೆ ಹಂದಿ ನುಗ್ಗಿದವೆಂದು ಆಳು ಕೂಗಿಕೊಂಡ. ಮಾವ ಕೈ ತೊಳೆದ, ಒರೆಸಿಕೊಂಡ, ಬೀಗ ತೆಗೆದ, ಫೋಮಿನ ಅಂಚು ಹರಿಯದಂತೆ ಬಂದೂಕನ್ನು ಮೆಲ್ಲಗೆ ಬಿಡಿಸಿ ಎತ್ತಿದ. ಹೊಲ ಮುಟ್ಟುವಷ್ಟರಲ್ಲಿ ಹಂದಿಗಳು ಉಂಡು ಕೈ ತೊಳೆದುಕೊಂಡಿದ್ದವು! ಅತ್ತೆ, "ಆ ಹಂದಿಗೂ ಒಂದೊಂದು ಗಾದಿ ಕೊರದು ಹಾಸ್ರಿ, ಮಲಕೊಂಡರ ಕಬ್ಬರ ಉಳೀತದ," ಎಂದಳು.

ಆದರೂ ಮಾವನ ಹೆಸರು ಹಬ್ಬಿತು. ಸುತ್ತಲಿನ ಲೈಸೆನ್ಸುದಾರರು ಪೆಟ್ಟಿಗೆ ಹೊತ್ತು ಬರತೊಡಗಿದರು. ಜೇವರ್ಗಿಯ ದೊಡ್ಡ ರೈತರೊಬ್ಬರು ತಮ್ಮ ಎರಡು ಬಂದೂಕಿಗೂ ಒಂದೇ ಪೆಟ್ಟಿಗೆ ಸಾಕೆಂದರು. ಮಾವ ಕೆರಳಿದ. "ಸವತೇರನ್ನ ಒಂದೇ ಹಾಸಗ್ಯಾಗ ಹಾಕ್ತೀರೇನ್ರಿ? ಒಂದಕ್ಕೊಂದು ತಿಕ್ಕ್ಯಾಡಿ ಗೀರು ಬಿದ್ದರ ಯಾರು ಜವಾಬ್ದಾರಿ?" ಪಾಪ, ಅವರು ಎರಡು ಪೆಟ್ಟಿಗೆ ಮಾಡಿಸಿಕೊಂಡೇ ಹೋದರು.

ಹೋದ ಚಳಿಗಾಲದಲ್ಲಿ ಅಫಜಲಪುರ ತಾಲೂಕಿನ ಅತನೂರಿನಿಂದ ಫೋನು ಬಂತು. ವಯಸ್ಸಾದ ಹೆಣ್ಣುಮಗಳ ದನಿ. "ಬಂದೂಕಿಗಿ ಗಾದಿ ಮಾಡೋರು ನೀವೇನ್ರಿ ಅಣ್ಣಾರ?" ಅವರ ಯಜಮಾನರು ತೀರಿಹೋಗಿದ್ದರು. ಲೈಸೆನ್ಸು ಮುಂದುವರಿಸುವವರು ಮನೆಯಲ್ಲಿ ಇರಲಿಲ್ಲ; ಬಂದೂಕನ್ನು ಸರಕಾರಕ್ಕೆ ಒಪ್ಪಿಸಬೇಕಿತ್ತು. "ಗೋಣಿಚೀಲದಾಗ ಸುತ್ತಿ ಕಳಸಾಕ ಮನಸ ಬರವಲ್ದರಿ," ಎಂದರು.

ನನ್ನ ಸ್ಕೂಟರಿನಲ್ಲಿ ಹೊರಟೆವು. ಹಿಂದೆ ಮಾವ, ಅವನ ತೋಳಿನಲ್ಲಿ ಬಾಗಿಲಿನಷ್ಟಗಲದ ಫೋಮು. ಬಯಲ ಗಾಳಿ ಬೀಸಿದ್ದೇ ಅದು ಹಡಗಿನ ಪಟದಂತೆ ಉಬ್ಬಿ, ನಾವು ಅಫಜಲಪುರದ ದಾರಿ ಬಿಟ್ಟು ತೊಗರಿ ಹೊಲದೊಳಗೇ ಇಳಿದೆವು! "ನನ್ನ ಬಿಡು, ಸ್ಪಂಜಿಗಿ ಮಣ್ಣ ಹತ್ತೇದೇನು ನೋಡು!" ಎಂದು ಕೂಗಿದ ಮಾವ.

ಅತನೂರಿನ ಮನೆ ಚಿಕ್ಕದು, ಚೊಕ್ಕಟವಾಗಿತ್ತು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಯಜಮಾನರ ಫೋಟೋ, ಅದರ ಕೆಳಗೆ ದೊಡ್ಡದೊಂದು ಮೊಳೆ. ಯಜಮಾನರ ಅಣ್ಣನ ಮಗ ಬಂದೂಕನ್ನು ಖಾಲಿ ಇದೆಯೆಂದು ತೋರಿಸಿ, ತಗಡಿನ ಪೆಟ್ಟಿಗೆಯ ಪಕ್ಕ ಚಾಪೆಯ ಮೇಲಿಟ್ಟ. ಆ ತಾಯಿ ಮಾತ್ರ ದೂರ, ಹೊಸ್ತಿಲಲ್ಲೇ ಕೂತರು.

"ನಾ ಒಮ್ಮೆನೂ ಅದನ್ನ ಮುಟ್ಟಿಲ್ರಿ ಅಣ್ಣಾರ, ಅಂಜಿಕಿ," ಎಂದರು. "ಬಂದೂಕು ಮೊಳಿ ಮ್ಯಾಲ ಇತ್ತಂದ್ರ ಅವರು ಮನ್ಯಾಗ ಅದಾರ. ಮೊಳಿ ಖಾಲಿ ಇತ್ತಂದ್ರ ಹೊಲಕ್ಕ ಹೋಗ್ಯಾರ. ನನಗ ಅಷ್ಟೇ ಗೊತ್ತರಿ. ಈಗ ಆ ಖಾಲಿ ಮೊಳಿ ನೋಡಾಕ ಆಗವಲ್ದು."

ಮಾವ ಬಂದೂಕನ್ನು ಫೋಮಿನ ಮೇಲೆ ಮಲಗಿಸಿದ. ಗೆರೆ ಎಳೆದ, ಸಾಬೂನು ಸವರಿದ, ಉಸಿರು ಬಿಗಿಹಿಡಿದು ಕೊಯ್ದ. ಬಂದೂಕನ್ನು ಒಳಗಿಟ್ಟಾಗ ಅದು ಹುಟ್ಟಿದ್ದೇ ಅಲ್ಲೇನೋ ಎನ್ನುವಂತೆ ಕೂತಿತು. ಕೊರೆದು ತೆಗೆದ ಫೋಮಿನ ತುಂಡು ಮಾವನ ಮೊಣಕಾಲ ಬಳಿ ಬಿದ್ದಿತ್ತು. ನಳಿಗೆ, ಹಿಡಿ ಎಲ್ಲ ಇದ್ದ, ಕಪ್ಪನೆಯ ಬಂದೂಕಿನದೇ ಆಕಾರ.

"ಆ ತುಂಡ ಏನ್ ಮಾಡ್ತೀರಿ?" ಎಂದರು ತಾಯಿ.

"ಅದೇನು ಕೆಲಸಕ್ಕ ಬರಂಗಿಲ್ರಿ, ಬಿಸಾಡೋದು."

"ಹಂಗಾರ ನನಗ ಕೊಡ್ರಿ."

ಮಾವ ಅವರ ಮುಖ ನೋಡಿದ, ಗೋಡೆ ನೋಡಿದ. ಎದ್ದಿದ್ದವನು ಮತ್ತೆ ಕೂತ. ಆ ತುಂಡಿನ ಅಂಚನ್ನೆಲ್ಲ ಸಣ್ಣ ಕತ್ತರಿಯಿಂದ ನಯ ಮಾಡಿದ, ಬೆರಳಿಟ್ಟು ಎಳೆಯುವ ಕುದುರೆಯ ಕಡೆ ಒಡೆದಿದ್ದ ಮೂಲೆ ತಿದ್ದಿದ, ಎರಡು ತೂತು ಕೊರೆದು ಕಪ್ಪು ದಾರ ಪೋಣಿಸಿದ. ಅಷ್ಟು ಹೊತ್ತು ಅವನು ನಿಜವಾದ ಬಂದೂಕಿಗೂ ಕೊಟ್ಟಿರಲಿಲ್ಲ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದ.

"ತಗೋರಿ ಅವ್ವಾರ. ಅಂಜಬ್ಯಾಡ್ರಿ, ಹಗೂರ ಅದ."

ಅವರು ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ತಾವೇ ಹೋಗಿ ಮೊಳೆಗೆ ತೂಗುಹಾಕಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ವಾರೆಯಾಗಿದ್ದದ್ದನ್ನು ಸರಿಮಾಡಿದರು. ಆಮೇಲೆ, ಮನೆಯ ಗಂಡಸು ಒಳಗೆ ಬಂದು ಕೂತಾಗ ಮಾಡುವಂತೆ, ತಲೆಯ ಮೇಲೆ ಸೆರಗು ಎಳೆದುಕೊಂಡು ಚಹಾಕ್ಕಿಡಲು ಒಳಗೆ ಹೋದರು.