ಐದು ಕನಕಾಂಬರಿ, ಒಬ್ಬಳು ಬೆಳ್ಳಿ

ಕನಕಾಂಬರಿ ಒಬ್ಬಳಲ್ಲ, ಐದು ಮಂದಿ ಇದ್ದಾರೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಹೋದ ತಿಂಗಳ ಒಂದು ಮಂಗಳವಾರ, ನಮ್ಮ ಹಟ್ಟಿಯ ಟೀ ಎಲೆ ತೂಗುವ ಶೆಡ್ಡಿನಲ್ಲಿ. ಕೇಳಿದ್ದೇ ತಡ, ಎದೆ ತಟ್ಟಿಕೊಂಡು ಹೇಳಿಬಿಟ್ಟೆ:

"ಐದಲ್ಲ, ಐವತ್ತು ಜನ ಬರ್ಲಿ! ನಮ್ಮ ಕನಕಾಂಬರಿ ಯಾವಳು ಅಂತ ನಾನು ಹಿಡಿದು ತೋರಿಸ್ತೀನಿ!"

ಕನಕಾಂಬರಿ ಎಂದರೆ ಹೆಂಗಸಲ್ಲ, ಟೀವಿ ಧಾರಾವಾಹಿ. ಇಪ್ಪತ್ತೇಳು ವರ್ಷದ ಹಿಂದೆ ಅದರ ಚಿತ್ರ ತೆಗೆಯಲು ಬೆಂಗಳೂರಿನಿಂದ ಒಂದು ತಂಡ ಮಂಜೂರಿನ ಕೆಳಗಿರುವ ನಮ್ಮ ಟೀ ತೋಟಕ್ಕೆ ಬಂದಿತ್ತು. ನಾಯಕಿ ಅಳುತ್ತಾ ಓಡಿಹೋಗುವಾಗ ಎಲೆ ಕೀಳುವ ಒಬ್ಬಳು ತಲೆಯೆತ್ತಿ ನೋಡಿ ಕಣ್ಣೊರೆಸಿಕೊಳ್ಳಬೇಕು. ಆ ಭಾಗ್ಯ ಬಂದದ್ದು ನನ್ನ ಪಕ್ಕದ ತೋಟದ ಬೆಳ್ಳಿಗೆ! ಮೊದಲನೇ ದಿನದ ಕಂತಿನಲ್ಲೇ ಬರುತ್ತದೆ ಎಂದು ಹೇಳಿ ಹೋದರು. ಆ ದಿನ ಬಂತು, ನಮ್ಮ ಹಟ್ಟಿಯ ಕರೆಂಟು ಹೋಯಿತು. ಯಾರೂ ನೋಡಲಿಲ್ಲ. ಬೆಳ್ಳಿಯೂ ನೋಡಲಿಲ್ಲ. ಅಲ್ಲಿಂದೀಚೆಗೆ "ನಾನು ಟೀವೀಲಿ ಬಂದಿದ್ದೀನಿ" ಎಂದು ಅವಳು ಬಾಯಿ ತೆರೆದರೆ ಸಾಕು, ಹೆತ್ತ ಹೆಣ್ಣುಮಕ್ಕಳೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ.

ಆ ಮಂಗಳವಾರ, ಶೆಡ್ಡಿನಲ್ಲಿ ಎಲೆ ತೂಗುವ ಧರ್ಮಲಿಂಗಂ ಮೊಬೈಲನ್ನು ಎತ್ತಿ ಹಿಡಿದ. "ಸ್ಟಾರ್ ಬೆಳ್ಳಿಯಕ್ಕಾ! ಇದರಲ್ಲಿ ಐದು ಕನಕಾಂಬರಿ ಉಂಟು. ನೀವು ಯಾವುದರಲ್ಲಿ ನಟನೆ ಮಾಡಿದ್ದು? ಐದರಲ್ಲೂನಾ?"

"ನಂದು ಯಾವುದೋ ಅದರಲ್ಲಿ ಕಣಪ್ಪಾ."

"ಹಂಗಾದ್ರೆ ತೋರಿಸಿ. ತೋರಿಸಿದ್ರೆ ಇದೇ ತಕ್ಕಡಿ ಮುಂದೆ ನಿಂತು, ಬೆಳ್ಳಿಯಕ್ಕ ಹೇಳಿದ್ದು ನಿಜ ಅಂತ ಕೂಗ್ತೀನಿ. ತೋರಿಸದೆ ಹೋದ್ರೆ ಇನ್ನು ಆ ಮಾತು ಎತ್ತಬಾರದು. ಶರಿಯಾ?"

ಬೆಳ್ಳಿಯ ಮುಖ ಸಣ್ಣಗಾಯಿತು. ಆದರೂ "ಆಗ್ಲಿ" ಅಂದಳು. ನಾನು ಎದೆ ತಟ್ಟಿಕೊಂಡದ್ದು ಆಗಲೇ. ಭಾನುವಾರ ಮೂರು ಗಂಟೆಗೆ ಎಲ್ಲರೂ ನಮ್ಮ ಮನೆಗೆ ಬರಬೇಕೆಂದು ಸಾರಿಯೂ ಆಯಿತು!

ನನಗೇಕೆ ಭಯ? ನಮ್ಮ ಹಟ್ಟಿಯಲ್ಲಿ ನಾಲ್ಕು ಜನ ಮಾದಪ್ಪಂದಿರಿದ್ದಾರೆ. ಮೆಟ್ಟಿಲ ಮಾದಪ್ಪ, ಸ್ಕೂಟರ್ ಮಾದಪ್ಪ, ಕೆಮ್ಮುವ ಮಾದಪ್ಪ, ಕೆಮ್ಮದ ಮಾದಪ್ಪ. ಐವತ್ತು ವರ್ಷದಲ್ಲಿ ಒಮ್ಮೆಯೂ ಒಬ್ಬನ ಹೆಂಡತಿಗೆ ಇನ್ನೊಬ್ಬನ ಚಾಡಿ ಹೇಳಿದವಳಲ್ಲ ನಾನು. ಐದು ಸೀರಿಯಲ್ ಯಾವ ಮಹಾ!

ಭಾನುವಾರ ಹತ್ತು ಜನ ಬರಬಹುದೆಂದು ಮಸಾಲೆ ವಡೆ ಮಾಡಿದ್ದೆ. ಮೂವತ್ತೊಂದು ಜನ ಬಂದರು. ಕೆಮ್ಮುವ ಮಾದಪ್ಪನೂ ಬಂದ. ಬೆಳ್ಳಿ ಮದುವೆಮನೆಯ ರೇಷ್ಮೆ ಸೀರೆ ಉಟ್ಟು, ಮೇಲೆ ಹೊಸ ಸ್ವೆಟರ್ ಹಾಕಿಕೊಂಡು ಬಂದಳು. ಸೊಸೆ ವೀಣಾ ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿಗೆ ಹೋಗಿದ್ದಳು. ಹೋಗುವ ಮುಂಚೆ "ಅತ್ತೆ, ರಿಮೋಟಿನ ಈ ಗುಂಡಿ ಒತ್ತಿ ಹೆಸರು ಹೇಳಿ, ಸಾಕು" ಎಂದು ಕಲಿಸಿದ್ದಳು.

ಒತ್ತಿದೆ. ರಿಮೋಟನ್ನು ಬಾಯಿಗಿಟ್ಟುಕೊಂಡು ಗೌರವದಿಂದ ಕರೆದೆ: "ಕನಕಾಂಬರಿ, ಬಾರಮ್ಮಾ!"

ಬಂದರು! ಐದೂ ಜನ ಸಾಲಾಗಿ ನಿಂತರು. ಐವರಿಗೂ ಅದೇ ಹೆಸರು, ಪಕ್ಕದಲ್ಲಿ ಮಾತ್ರ ಬೇರೆಬೇರೆ ಅಂಕಿ: 1998, 2006, 2013, 2019, 2022.

ನಮ್ಮ ಕಡೆ ಹೆಸರಿನ ಪಕ್ಕ ಅಂಕಿ ಬರೆದಿದ್ದರೆ ಅದು ಎಲೆಯ ತೂಕ. ಶೆಡ್ಡಿನ ಬೋರ್ಡಿನಲ್ಲಿ ದಿನವೂ ನೋಡುವುದು ಅದನ್ನೇ: ಹೆಸರು, ಕಿಲೋ. ಅಂಕಿ ಹೆಚ್ಚಿದ್ದವಳು ಜಾಸ್ತಿ ಕೆಲಸ ಮಾಡಿದವಳು. ನಮ್ಮ ಕನಕಾಂಬರಿ ಮೂರು ವರ್ಷ ಓಡಿದ್ದಳು ಎಂದು ಕೇಳಿದ್ದೆ. ಅಂದಮೇಲೆ ಎಲ್ಲರಿಗಿಂತ ಭಾರದವಳು ಅವಳೇ ಇರಬೇಕು!

"ಎರಡು ಸಾವಿರದ ಇಪ್ಪತ್ತೆರಡು ಕಿಲೋದವಳನ್ನು ತೆಗೀತೀನಿ" ಎಂದು ಘೋಷಿಸಿದೆ. ಮೂವತ್ತೊಂದು ತಲೆಗಳೂ ಆಡಿದವು. ಯಾರಿಗೂ ಅನುಮಾನ ಬರಲಿಲ್ಲ, ನೋಡಿ!

ಆ ಕನಕಾಂಬರಿ ಬಾವಿಯೊಳಗಿಂದ ಎದ್ದು ಬಂದಳು. ಕೂದಲು ಮುಂದಕ್ಕೆ, ಪಾದ ಹಿಂದಕ್ಕೆ. ಪಕ್ಕದ ಮನೆಯ ಪಂಕಜಂ ಕಿರುಚಿ ಮೆಟ್ಟಿಲ ಮಾದಪ್ಪನ ತೊಡೆಯ ಮೇಲೆ ಕೂತುಬಿಟ್ಟಳು. ಮೆಟ್ಟಿಲ ಮಾದಪ್ಪನ ಹೆಂಡತಿ ದೆವ್ವವನ್ನು ಬಿಟ್ಟು ಪಂಕಜಂಳನ್ನೇ ನೋಡತೊಡಗಿದಳು.

ಬೇಗ ಬೇಗ ಎರಡನೆಯ ಭಾರದವಳನ್ನು ಒತ್ತಿದೆ. ಅವಳು ಅಡುಗೆಯವಳು. ನುಗ್ಗೆಸೊಪ್ಪಿನ ಉಂಡೆ ಮಾಡುತ್ತಿದ್ದಳು. "ಇದು ಬೇಡ, ಬದಲಾಯಿಸ್ತೀನಿ" ಅಂದರೆ ಹೆಂಗಸರೆಲ್ಲ ಒಟ್ಟಾಗಿ ನನ್ನ ಮೇಲೆ ಬಿದ್ದರು. "ವಸಿ ತಡಿ ಲಿಂಗಮ್ಮಕ್ಕ! ಉಂಡೆ ಬೇಯ್ಲಿ!" ಉಂಡೆ ಬೇಯಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ನನ್ನ ವಡೆ ಮುಗಿಯಿತು.

ಮೂರನೆಯವಳು ಪೊಲೀಸು. ಬೇರೆ ಭಾಷೆಯಿಂದ ತಂದವಳಿರಬೇಕು, ಬಾಯಿ ಮುಚ್ಚಿದ ಮೇಲೂ ಮಾತು ಬರುತ್ತಿತ್ತು.

"ಬೆಳ್ಳಿಯಕ್ಕ ಎಲ್ಲಿ? ಲಾಕಪ್ಪಿನಲ್ಲಾ?" ಎಂದ ಧರ್ಮಲಿಂಗಂ.

ಬೆಳ್ಳಿಯದು ಒಂದೇ ಕೆಲಸ: ಸ್ವೆಟರಿನ ಗುಂಡಿಯನ್ನು ಹಾಕುವುದು, ತೆಗೆಯುವುದು, ಹಾಕುವುದು. ಅದನ್ನು ನೋಡಲಾಗದೆ ನಾಲ್ಕನೆಯವಳನ್ನು ಒತ್ತಿದೆ.

ಟೀ ತೋಟ! ಅಳುತ್ತಾ ಓಡುವ ನಾಯಕಿ! ಎಲೆ ಕೀಳುವ ಹೆಂಗಸು ತಲೆಯೆತ್ತಿದಳು, ಕಣ್ಣೊರೆಸಿಕೊಂಡಳು! ಮನೆಯೇ ಹಾರಿಹೋಗುವಂತೆ ಚಪ್ಪಾಳೆ. ಧರ್ಮಲಿಂಗಂ ಬಾಯಿ ತೆರೆದವನು ಹಾಗೇ ಇದ್ದ.

"ಅದು ನಾನಲ್ಲ" ಅಂದಳು ಬೆಳ್ಳಿ.

ನಾನು ಅವಳನ್ನು ಚಿವುಟಿದೆ. "ಸುಮ್ನಿರೇ! ಮುಖ ಸರಿಯಾಗಿ ಕಾಣ್ತಿಲ್ಲ. ಒಪ್ಕೊಂಬುಡು!"

"ಯಾಕೆ ಒಪ್ಕೊಳ್ಲಿ? ಅವಳ ಕೈ ನೋಡಕ್ಕಾ. ಎರಡೆಲೆ ಒಂದು ಕುಡಿ ಕೀಳೋದು ಬಿಟ್ಟು ಕಡ್ಡಿ ಸಮೇತ ಕಿತ್ತು ಹಾಕ್ತಾವಳೆ! ಆ ಎಲೆ ನಂದು ಅಂತ ನಾನು ಒಪ್ಕೋಬೇಕಾ?"

ಧರ್ಮಲಿಂಗಂನ ಬಾಯಿ ಮುಚ್ಚಿತು. ಅಂಥ ಎಲೆಯನ್ನು ಅವನೂ ತೂಗುವುದಿಲ್ಲ.

ಅಷ್ಟರಲ್ಲಿ ವೀಣಾ ಡ್ಯೂಟಿ ಮುಗಿಸಿ ಬಂದಳು. ನನ್ನ ತೂಕದ ಲೆಕ್ಕ ಕೇಳಿ ಬಾಗಿಲಿಗೆ ಒರಗಿ ನಿಂತು ನಕ್ಕಳು. "ಅತ್ತೆ, ಅದು ಕಿಲೋ ಅಲ್ಲ, ವರ್ಷ! ಈಗ ನೋಡಿದ್ದು ಹಳೇ ಕತೆಯನ್ನೇ ಇನ್ನೊಬ್ಬರು ಮತ್ತೆ ತೆಗೆದದ್ದು. ನಿಮ್ಮದು ತೊಂಬತ್ತೆಂಟು."

ಎಲ್ಲರಿಗಿಂತ ಹಗುರದವಳು! ವೀಣಾ ಮೊದಲನೇ ಕಂತು ಹಾಕಿದಳು. ನಮ್ಮ ಇಳಿಜಾರು, ನಮ್ಮ ನೀರಿನ ತೊಟ್ಟಿ! ದೂರದಲ್ಲಿ ಬುಟ್ಟಿ ಹೊತ್ತ ಒಬ್ಬ ಸಣ್ಣ ಪ್ರಾಯದವಳು. ಇನ್ನೂ ಮುಖ ಕಾಣದು. ನಾಯಕಿ ಓಡಿ ಬಂದಳು. ಬೆಳ್ಳಿ ಕುರ್ಚಿಯಿಂದ ಎದ್ದು ನಿಂತಳು. ಕ್ಯಾಮೆರಾ ಹತ್ತಿರ ಹತ್ತಿರ ಹೋಯಿತು...

ಅಡ್ಡಲಾಗಿ ಒಂದು ಬೆನ್ನು ಬಂತು.

ಕಂದು ಸ್ವೆಟರಿನ, ಹಸಿರು ತೇಪೆಯ, ಟೀವಿಯ ಈ ಅಂಚಿನಿಂದ ಆ ಅಂಚಿನವರೆಗಿನ ಬೆನ್ನು. ಬಂದದ್ದು ಸುಮ್ಮನೆ ದಾಟಿಹೋಗಲಿಲ್ಲ. ನಿಂತಿತು. ಕೈಯಲ್ಲಿದ್ದ ಊಟದ ಕ್ಯಾರಿಯರನ್ನು ಕೆಳಗಿಟ್ಟಿತು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಕೊಡವಿ, ನಿಧಾನವಾಗಿ ಮತ್ತೆ ಕಟ್ಟಿಕೊಂಡಿತು. ಸೊಂಟ ಕೆರೆದುಕೊಂಡಿತು. ಕ್ಯಾರಿಯರ್ ಎತ್ತಿಕೊಂಡು ಹೋಯಿತು. ಅಷ್ಟರಲ್ಲಿ ನಾಯಕಿ ಬಸ್ ಹತ್ತಿಯಾಗಿತ್ತು.

ಆ ಹಸಿರು ತೇಪೆ ಹಾಕಿದ್ದು ನಾನೇ. ಆವತ್ತು ನಮ್ಮೆಜಮಾನರಿಗೆ ಊಟ ಒಯ್ಯುತ್ತಿದ್ದೆ. ಬೆನ್ನ ಹಿಂದಿನಿಂದ ಯಾರೋ "ಅಮ್ಮಾ! ಅಮ್ಮಾ!" ಎಂದು ಅರಚುತ್ತಿದ್ದರು. ಅವರವರ ಅಮ್ಮನನ್ನು ಕರೆಯುತ್ತಿದ್ದಾರೆ, ನನಗೇನು ಎಂದುಕೊಂಡಿದ್ದೆ!

ವೀಣಾ ಮೂರು ಸಲ ಹಿಂದಕ್ಕೆ ಓಡಿಸಿದಳು. ಮೂರು ಸಲವೂ ನಾನು ಸೊಂಟ ಕೆರೆದುಕೊಂಡೆ. ನನ್ನ ಬಲಗಡೆ ಯಾರದೋ ಒಂದು ಮೊಣಕೈ ಮಾತ್ರ ಕಾಣುತ್ತಿತ್ತು.

"ಮೊಣಕೈಗೆಲ್ಲ ನಾನು ಕೂಗಲ್ಲ" ಎಂದ ಧರ್ಮಲಿಂಗಂ.

ಜನ ನಗುತ್ತಾ ಎದ್ದು ಹೋದರು. ಬೆಳ್ಳಿ ಉಳಿದಳು. ಈಗ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ. ಅವಳು ಬೈಯಲಿಲ್ಲ.

"ಅಕ್ಕಾ, ನಿಂಗೆ ಅಕ್ಷರ ಬರುತ್ತಲ್ವಾ?"

"ಮೂರನೇ ಕ್ಲಾಸಿನವರೆಗೆ ಬರುತ್ತೆ ಕಣೇ."

"ಸಾಕು. ಆ ಬೆನ್ನಿನ ಹಿಂದೆ ನಿಂತು ಅತ್ತೋಳು ಈ ಬೆಳ್ಳೀನೇ ಅಂತ ಒಂದು ಕಾಗದದಲ್ಲಿ ಬರ್ಕೊಡು. ನಾಲ್ಕು ಜನ ಓದ್ಲಿ."

"ಇವತ್ತೇ ಬರೀತೀನಿ" ಅಂದೆ.

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಇನ್ನೊಂದು ಮಾತಕ್ಕಾ. ಬರೆಯೋವಾಗ್ಲಾದ್ರೂ ನಂಗೆ ಅಡ್ಡ ನಿಂತ್ಕೋಬೇಡ!"