ಮಗಳ ಇಂಟರ್‌ವ್ಯೂಗೆ ನಾನು ಮಾಡಿದ ಒಂದು ಫೋನ್

ರಿಟೈರಾದ ಡಾಕ್ಟರ ಹತ್ತಿರ ಸಲಹೆಗಳಿಗೆ ಕೊರತೆಯಿಲ್ಲ, ತೆಗೆದುಕೊಳ್ಳುವವರೇ ಇಲ್ಲ. ಕಳೆದ ವರ್ಷ ನನ್ನ ಸಲಹೆಗಳೆಲ್ಲ ಕಿರಿಮಗಳು ಅನಘಾಳ ತಲೆಯ ಮೇಲೆ ಬಿದ್ದವು. ಮೆಡಿಕಲ್ ಓದು ಮುಗಿಸುತ್ತಿದ್ದ ಅವಳಿಗೆ ಮೂಳೆ ಶಸ್ತ್ರಚಿಕಿತ್ಸೆಯ ರೆಸಿಡೆನ್ಸಿಯೇ, ಅಂದರೆ ಆಸ್ಪತ್ರೆಯಲ್ಲಿದ್ದು ಪಡೆಯುವ ತಜ್ಞ ತರಬೇತಿಯೇ ಬೇಕು. ಅದಕ್ಕೋ ವಿಪರೀತ ಪೈಪೋಟಿ. ಅರ್ಜಿ ಹಾಕಿ ವಾರಗಳಾದರೂ ಒಂದು ಇಂಟರ್‌ವ್ಯೂ ಕರೆಯೂ ಇಲ್ಲ. ಸೀಡರ್ ಪಾರ್ಕ್ ಎಂಬ ಊರಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಅವಳ ಫೋನು ಸಾರಿನ ಪಾತ್ರೆಯ ಪಕ್ಕದಲ್ಲೇ ಇರುತ್ತಿತ್ತು. ಮಗು ಸೊರಗಿಹೋಗಿತ್ತು.

"ನನ್ನನ್ನು ಹ್ಯೂಸ್ಟನ್ನಿನಲ್ಲಿ ಕಾಲೇಜಿನ ಚಿನ್ನದ ಪದಕ ನೋಡಿಯೇ ರೆಸಿಡೆನ್ಸಿಗೆ ಕರೆದರು" ಎಂದೆ. ಇದನ್ನು ಅವಳು ಪ್ರತಿ ಯುಗಾದಿಗೂ ಕೇಳಿದ್ದಾಳೆ. "ಅಪ್ಪಾ, ಪ್ಲೀಸ್. ಡೋಂಟ್ ಕಾಲ್ ಎನಿಒನ್" ಎಂದಳು.

ಅವಳಿಗೆ ಕೇಳಿಸದಂತೆ ಗ್ಯಾರೇಜಿಗೆ ಹೋಗಿ ಪಾಟೀಲನಿಗೆ ಫೋನ್ ಮಾಡಿದೆ. ಡಲ್ಲಾಸಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿರುವ ಅವನು ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನಲ್ಲಿ ನನ್ನ ಸಹಪಾಠಿ. "ನಿಮ್ಮಲ್ಲಿ ಒಂದು ಮಾತು ಹಾಕೋ" ಎಂದೆ. "ಆತು ಬಿಡೋ" ಎಂದ. ಹತ್ತೇ ದಿನಕ್ಕೆ ಅಲ್ಲಿಂದಲೇ ಇಂಟರ್‌ವ್ಯೂ ಕರೆ ಬಂತು! ಪೇಡಾ ಹಿಡಿದು ಗೆಳೆಯರ ಮನೆಗಳಿಗೆಲ್ಲ ಹೋಗಿ, "ನಂದೇನಿಲ್ಲ, ಒಂದು ಫೋನ್ ಮಾಡಿದ್ದೆ ಅಷ್ಟೆ" ಎಂದು ಬಂದೆ. ಆಮೇಲೆ ಪಾಟೀಲನಿಗೆ ಥ್ಯಾಂಕ್ಸ್ ಹೇಳಿದೆ.

"ಯಾವ ಮಾತೋ ಮಾರಾಯಾ? ನಾ ಮರತೇ ಬಿಟ್ಟಿದ್ದೆ. ಆಕಿ ಇಲ್ಲೇ ಒಂದು ತಿಂಗಳು ವಾರ್ಡಿನಾಗ ರೊಟೇಷನ್ ಅಂತ ತರಬೇತಿ ಮಾಡ್ಯಾಳಲ್ಲ, ಡಿಸ್ಚಾರ್ಜ್ ಆದ ಮುದುಕರನ್ನ ಕಾರಿನ ತನಕ ಕೈ ಹಿಡಿದು ಬಿಟ್ಟು ಬರತಿದ್ಳಂತ. ನರ್ಸ್‌ಗಳೇ ಆಯ್ಕೆ ಮಾಡೋರಿಗೆ ಆಕಿ ಹೆಸರು ಹೇಳ್ಯಾರ."

ಫೋನ್ ಇಟ್ಟವನಿಗೆ ಹಳೆಯ ಹ್ಯೂಸ್ಟನ್ ಕಣ್ಣ ಮುಂದೆ ಬಂತು. ನಿಜ ಹೇಳಬೇಕೆಂದರೆ ಅಲ್ಲಿ ನನ್ನ ಪದಕ ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಹುಬ್ಬಳ್ಳಿಯಲ್ಲಿ ಹೊಲಿಸಿದ ಉಣ್ಣೆಯ ಸೂಟಿನಲ್ಲಿ ಬೆವರುತ್ತ ಅರ್ಜಿ ಹಿಡಿದು ಮೂರು ದಿನ ಆಸ್ಪತ್ರೆಯ ವಿಭಾಗದ ಕಾರಿಡಾರಿನಲ್ಲಿ ಕೂತಿದ್ದೆ. ಮೂರನೇ ದಿನ ಲಿಫ್ಟ್ ಕೆಟ್ಟಿತ್ತು. ವಯಸ್ಸಾದ ಸೆಕ್ರೆಟರಿ ಫೈಲಿನ ಡಬ್ಬಗಳನ್ನು ಎತ್ತಲಾರದೆ ನಿಂತಿದ್ದರು. ಅವನ್ನೆಲ್ಲ ಹೊತ್ತು ನಾಲ್ಕು ಮಹಡಿ ಹತ್ತಿದೆ. ಆಕೆ ನೀರು ಕೊಟ್ಟು, ನನ್ನ ಅರ್ಜಿಯನ್ನು ತಾವೇ ಒಳಗೆ ಮುಖ್ಯಸ್ಥರಿಗೆ ಒಯ್ದು ಕೊಟ್ಟರು. ನನಗೆ ಕರೆ ಬಂದದ್ದು ಆಮೇಲೆ. ಆಕೆ ಈಗಿಲ್ಲ. ಇಷ್ಟು ವರ್ಷ ಆಕೆಯನ್ನು ಬಿಟ್ಟು ಪದಕದ ಕಥೆ ಹೇಳಿದ್ದಕ್ಕೆ ನಾಚಿಕೆಯಾಯಿತು.

ಅನಘಾಳಿಗೆ ಎಲ್ಲ ಹೇಳಿದೆ. ಬೈಯಲಿಲ್ಲ, ನನ್ನ ಭುಜಕ್ಕೆ ತಲೆಯಿಟ್ಟು ನಕ್ಕಳು. "ಸೋ ಯು ಡಿಡ್ ಎ ರೊಟೇಷನ್ ಟೂ!"

ಅಂದು ಪೇಡಾ ತಿಂದವರೊಬ್ಬರು ನಾಳೆ ಹತ್ತಿರದ ಊರು ಫ್ಲೂಗರ್‌ವಿಲ್ಲಿನಿಂದ ಮಗನ ಅರ್ಜಿ ಹಿಡಿದು ಬರುತ್ತಿದ್ದಾರೆ, ನನ್ನಿಂದ ಒಂದು ಫೋನ್ ಮಾಡಿಸಲು. ಅವರಿಗೂ ನಿಜವನ್ನೇ ಹೇಳಬೇಕು ಅಂತಿದ್ದೇನೆ. ಆದರೂ ಚಿನ್ನದ ಪದಕವನ್ನು ಒರೆಸಿ ಟೀಪಾಯಿಯ ಮೇಲೆ ಇಟ್ಟಾಗಿದೆ.